ನಾಗಪುರದ ವೇದಿಕೆಗೆ ಬಂದಿದ್ದ ಕೂಲಿಯಾಳಿನ ಮಗ: ಮಾರಿಷಸ್‌ನ ಮೊದಲ ಪ್ರಧಾನಿ ಶಿವಸಾಗರ ರಾಮಗುಲಾಂ ಕಥೆ

ನಾಗಪುರ: 1975ರ ಜನವರಿ 10. ಕಿತ್ತಳೆ ಹಣ್ಣಿನ ಊರು ಎಂದೇ ಹೆಸರಾದ ನಾಗಪುರದಲ್ಲಿ ಮೊದಲ ವಿಶ್ವ ಹಿಂದಿ ಸಮ್ಮೇಳನ ಆರಂಭವಾಯಿತು. ವರ್ಧಾದ ರಾಷ್ಟ್ರಭಾಷಾ ಪ್ರಚಾರ ಸಮಿತಿ ಮುಂದೆ ನಿಂತು ನಡೆಸಿದ ಸಮ್ಮೇಳನ ಅದು. ಉದ್ಘಾಟಿಸಿದವರು ಅಂದಿನ ಪ್ರಧಾನಿ ಇಂದಿರಾ ಗಾಂಧಿ. ರಾಷ್ಟ್ರೀಯ ಸಂಘಟನಾ ಸಮಿತಿಯ ಅಧ್ಯಕ್ಷರು ನಮ್ಮವರೇ, ಜಮಖಂಡಿ ತಾಲೂಕಿನ ಸಾವಳಗಿಯ ಬಿ.ಡಿ. ಜತ್ತಿ. ಆಗ ಅವರು ದೇಶದ ಉಪರಾಷ್ಟ್ರಪತಿ. ಮುಖ್ಯ ಅತಿಥಿ ಮಾತ್ರ ಹಿಂದೂ ಮಹಾಸಾಗರದ ನಡುವಿನ ಪುಟ್ಟ ದ್ವೀಪವೊಂದರಿಂದ ಬಂದಿದ್ದರು. ವಯಸ್ಸು 74. ಒಂದು ಕಣ್ಣಿನ ದೃಷ್ಟಿ ಬಾಲ್ಯದಲ್ಲೇ ಹೋಗಿತ್ತು. ವೃತ್ತಿಯಿಂದ ವೈದ್ಯ, ಹುದ್ದೆಯಿಂದ ಮಾರಿಷಸ್‌ನ ಪ್ರಧಾನಿ. ಹೆಸರು ಸರ್ ಶಿವಸಾಗರ ರಾಮಗುಲಾಂ.

ಪರದೇಶದ ಪ್ರಧಾನಿಯೊಬ್ಬರು ಹಿಂದಿ ಸಮ್ಮೇಳನಕ್ಕೆ ಬಂದದ್ದು ಬರೀ ಸೌಜನ್ಯದ ಭೇಟಿ ಎಂದು ಅನ್ನಿಸಬಹುದು. ಹಾಗಲ್ಲ. ಮಾರಿಷಸ್‌ನ ಕಬ್ಬಿನ ತೋಟಗಳಲ್ಲಿ ದುಡಿದ ಭಾರತೀಯರ ಮಕ್ಕಳು, ಮೊಮ್ಮಕ್ಕಳಿಗೆ ಮತದ ಹಕ್ಕು ಸಿಕ್ಕಿದ್ದೇ ಭಾಷೆಯ ಬಾಗಿಲಿನಿಂದ. ತನ್ನ ಭಾಷೆಯಲ್ಲಿ ನಾಲ್ಕು ಸಾಲು ಓದಿ ಬರೆಯಬಲ್ಲವನು ಮತದಾರನಾದ. ಆ ಮತದಾರರು ಗೆಲ್ಲಿಸಿದವರಲ್ಲಿ ರಾಮಗುಲಾಂ ಒಬ್ಬರು.

ಅಂದಹಾಗೆ, ಭಾಷೆಗೂ ಪ್ರಾತಿನಿಧ್ಯಕ್ಕೂ ಗಂಟು ಹಾಕಿದ ಊರಾಗಿ ನಾಗಪುರ ಕನ್ನಡಿಗರಿಗೂ ಹೊಸದಲ್ಲ. 1920ರ ಡಿಸೆಂಬರ್‌ನಲ್ಲಿ ಇಲ್ಲೇ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಕರ್ನಾಟಕದಿಂದ ನೂರಾರು ಪ್ರತಿನಿಧಿಗಳು ಹೋಗಿದ್ದರು. ಪ್ರಾಂತೀಯ ಸಮಿತಿಗಳನ್ನು ಭಾಷೆಯ ಆಧಾರದ ಮೇಲೆ ರಚಿಸುವ ತೀರ್ಮಾನವಾಗಿ, ಕರ್ನಾಟಕಕ್ಕೆ ತನ್ನದೇ ಪ್ರದೇಶ ಕಾಂಗ್ರೆಸ್ ಸಮಿತಿ ದಕ್ಕಿದ್ದು ಆ ಅಧಿವೇಶನದಿಂದಲೇ.

ಬಿಹಾರದ ಹರಿಗಾಂವ್‌ನಿಂದ ಕಬ್ಬಿನ ತೋಟಕ್ಕೆ

ಮಾರಿಷಸ್ ಎಷ್ಟು ದೊಡ್ಡದು? ನಮ್ಮ ಕೊಡಗು ಜಿಲ್ಲೆಯ ಅರ್ಧದಷ್ಟು. ಮೊದಲು ಫ್ರೆಂಚರ ಕೈಯಲ್ಲಿದ್ದ ಈ ದ್ವೀಪ 1810ರಲ್ಲಿ ಬ್ರಿಟಿಷರ ಪಾಲಾಯಿತು. ಆದರೆ ಭೂಮಿ, ಸಕ್ಕರೆ ಕಾರ್ಖಾನೆಗಳು ಫ್ರೆಂಚ್ ಮೂಲದ ಕುಟುಂಬಗಳ ಬಳಿಯೇ ಉಳಿದವು. ಗುಲಾಮಗಿರಿ ರದ್ದಾಗುವ ಹೊತ್ತಿಗೆ ತೋಟಗಳಿಗೆ ಆಳುಗಳು ಬೇಕಾದರು. 1834ರ ನವೆಂಬರ್ 2ರಂದು ಅಟ್ಲಾಸ್ ಎಂಬ ಹಡಗು 36 ಭಾರತೀಯರನ್ನು ಪೋರ್ಟ್ ಲೂಯಿ ಬಂದರಿಗೆ ತಂದಿಳಿಸಿತು. ಅಲ್ಲಿಂದ 1910ರವರೆಗೆ ಸುಮಾರು ನಾಲ್ಕೂವರೆ ಲಕ್ಷ ಮಂದಿ ಹಾಗೆ ಕರಾರುಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹೋದರು. ಅಗ್ರಿಮೆಂಟ್ ಎಂಬ ಪದ ಅವರ ಬಾಯಲ್ಲಿ ಗಿರ್ಮಿಟ್ ಆಯಿತು, ಅವರು ಗಿರ್ಮಿಟಿಯಾಗಳಾದರು. ಅವರು ಇಳಿದ ಬಂದರುಕಟ್ಟೆ ಅಪ್ರವಾಸಿ ಘಾಟ್ ಈಗ ಯುನೆಸ್ಕೋ ವಿಶ್ವ ಪರಂಪರೆಯ ತಾಣ.

ಇಂದಿನ ಬಿಹಾರದ ಭೋಜ್‌ಪುರ ಜಿಲ್ಲೆಯ ಹರಿಗಾಂವ್‌ನ ಮೋಹಿತ್ ರಾಮಗುಲಾಂ 1896ರಲ್ಲಿ ಹಡಗು ಹತ್ತಿದಾಗ ಇನ್ನೂ ಹದಿಹರೆಯ. ತೋಟದಲ್ಲಿ ಕೂಲಿಯಾಗಿ ದುಡಿದು, ಆಳುಗಳ ಮೇಲ್ವಿಚಾರಣೆ ಮಾಡುವ ಸರ್ದಾರನಾದರು. ಮಾರಿಷಸ್‌ನಲ್ಲೇ ಹುಟ್ಟಿದ್ದ ಬಾಸಮತಿ ಎಂಬ ವಿಧವೆಯನ್ನು ಮದುವೆಯಾದರು. 1900ರ ಸೆಪ್ಟೆಂಬರ್ 18ರಂದು ಫ್ಲಾಕ್ ಜಿಲ್ಲೆಯ ಬೆಲ್ ರೀವ್‌ನಲ್ಲಿ ಹುಟ್ಟಿದ ಮಗನೇ ಶಿವಸಾಗರ. ಮನೆಯಲ್ಲಿ ಕರೆಯುತ್ತಿದ್ದದ್ದು ಕೇವಲ್ ಎಂದು. ಅಲ್ಲಿನ ದಾಖಲೆಗಳಲ್ಲಿ ಭಾರತೀಯ ಹೆಸರುಗಳು ಗುಮಾಸ್ತರ ಕಿವಿಗೆ ಕೇಳಿಸಿದಂತೆ ಬರೆಯಲ್ಪಡುತ್ತಿದ್ದವು. ಶಿವಸಾಗರ ಅಲ್ಲಿ ಸೀವೂಸಾಗರ್ ಆದದ್ದು ಹೀಗೆ. ಇಂಗ್ಲಿಷಿನಲ್ಲಿ ಇಂದಿಗೂ ಅವರ ಹೆಸರು ಹಾಗೆಯೇ ಉಳಿದಿದೆ.

ಏಳು ವರ್ಷವಾಗುವಷ್ಟರಲ್ಲಿ ತಂದೆ ತೀರಿಕೊಂಡರು. ಹುಡುಗ ಮೊದಲು ಅಕ್ಷರ ಕಲಿತದ್ದು ಬೈಠಕಾದಲ್ಲಿ. ಹಗಲೆಲ್ಲ ಕಬ್ಬು ಕಡಿದ ಜನ ಸಂಜೆ ಬಂದು ಕೂರುತ್ತಿದ್ದ ಹುಲ್ಲಿನ ಮಾಡಿನ ಚಾವಡಿ ಅದು. ಅಲ್ಲಿ ರಾಮಾಯಣ ಓದುತ್ತಿದ್ದರು, ಮಕ್ಕಳಿಗೆ ಹಿಂದಿ ಹೇಳಿಕೊಡುತ್ತಿದ್ದರು, ಊರಿನ ವ್ಯಾಜ್ಯವನ್ನೂ ಬಗೆಹರಿಸುತ್ತಿದ್ದರು. ಈ ಬೈಠಕಾ ನೆನಪಿರಲಿ, ಮುಂದೆ ಮತ್ತೆ ಬರುತ್ತದೆ. ಅಲ್ಲಿಂದ ಹತ್ತಿರದ ಶಾಲೆಗೆ ತಾಯಿಗೆ ಹೇಳದೆ ಹೋಗಿ ಸೇರಿಕೊಂಡ. ಹನ್ನೆರಡರ ವಯಸ್ಸಿನಲ್ಲಿ ದನದ ಕೊಟ್ಟಿಗೆಯಲ್ಲಿ ಆದ ಅವಘಡದಲ್ಲಿ ಒಂದು ಕಣ್ಣು ಹೋಯಿತು. ಓದು ನಿಲ್ಲಲಿಲ್ಲ. ಕ್ಯೂರೆಪೀಪ್‌ನ ರಾಯಲ್ ಕಾಲೇಜು ಮುಗಿಸಿ, 1921ರಲ್ಲಿ ವೈದ್ಯಕೀಯ ಓದಲು ಲಂಡನ್ ಹಡಗು ಹತ್ತಿದರು.

ಹದಿನಾಲ್ಕು ವರ್ಷ ಅಲ್ಲೇ. ವೈದ್ಯ ಪದವಿಗೆ ಅಷ್ಟು ಕಾಲ ಬೇಕೇ ಎಂದು ಯಾರಾದರೂ ಕೇಳಬಹುದು. ಹಣದ ಮುಗ್ಗಟ್ಟು ಒಂದು ಕಡೆ, ರಾಜಕೀಯದ ಹುಚ್ಚು ಇನ್ನೊಂದು ಕಡೆ. ಲಂಡನ್ ಆಗ ಬ್ರಿಟಿಷ್ ಸಾಮ್ರಾಜ್ಯದ ಎಲ್ಲ ಅತೃಪ್ತರೂ ಸೇರುವ ಜಾಗ. ಭಾರತೀಯ ವಿದ್ಯಾರ್ಥಿಗಳ ಸಂಘಟನೆಗಳಲ್ಲಿ ಅವರು ತೊಡಗಿಕೊಂಡರು, ಫೇಬಿಯನ್ ಸಮಾಜವಾದಿಗಳ ಸಭೆಗಳಿಗೆ ಹೋದರು, ದುಂಡುಮೇಜಿನ ಪರಿಷತ್ತಿಗೆಂದು 1931ರಲ್ಲಿ ಬಂದ ಗಾಂಧೀಜಿಯನ್ನು ಕಂಡರು. ಹೋರಾಟ ಸಂವಿಧಾನದ ಒಳಗಿನಿಂದಲೇ, ಹಂತ ಹಂತವಾಗಿ ನಡೆಯಬೇಕು ಎಂಬ ನಿಲುವು ಅಲ್ಲೇ ಗಟ್ಟಿಯಾಯಿತು. ಆ ನಿಲುವು ಅವರ ಬಲವೂ ಹೌದು, ಮುಂದೆ ಟೀಕೆಗೆ ಗುರಿಯಾದದ್ದೂ ಅದೇ.

ಮತ ಯಾರಿಗಿತ್ತು?

1935ರಲ್ಲಿ ಡಾಕ್ಟರ್ ಆಗಿ ಊರಿಗೆ ಮರಳಿದಾಗ ದ್ವೀಪದ ಸ್ಥಿತಿ ಹೇಗಿತ್ತು? ಜನಸಂಖ್ಯೆಯ ಮೂರನೇ ಎರಡರಷ್ಟು ಭಾರತೀಯ ಮೂಲದವರು. ಮತಪಟ್ಟಿಯಲ್ಲಿ ಅವರು ಬೆರಳೆಣಿಕೆ. 1886ರ ಸಂವಿಧಾನದ ಪ್ರಕಾರ ಶಾಸನ ಮಂಡಳಿಗೆ 10 ಸದಸ್ಯರನ್ನು ಆರಿಸಬಹುದಿತ್ತು, ಆದರೆ ಮತ ಇದ್ದದ್ದು ಆಸ್ತಿ ಅಥವಾ ನಿಗದಿತ ವರಮಾನ ಉಳ್ಳವರಿಗೆ. ಮೂರೂವರೆ ಲಕ್ಷ ಮೀರಿದ ಜನಸಂಖ್ಯೆಯಲ್ಲಿ ಆರಂಭದ ಮತದಾರರು ಸುಮಾರು 4 ಸಾವಿರ. ಅವರಲ್ಲಿ ಭಾರತೀಯರು ಮುನ್ನೂರರ ಆಸುಪಾಸು.

ಹಾಗೆಂದು ರಾಮಗುಲಾಂಗಿಂತ ಮೊದಲು ಯಾರೂ ಇರಲಿಲ್ಲ ಎಂದಲ್ಲ. 1886ರಲ್ಲೇ ತಮಿಳು ಮೂಲದ ಅರ್ಲಾಂಡಾ ಎಂಬುವರನ್ನು ಗವರ್ನರ್ ಮಂಡಳಿಗೆ ನೇಮಿಸಿದ್ದರು. ಆದರೆ ನೇಮಕಗೊಂಡವರು ನೇಮಿಸಿದವರಿಗೆ ಉತ್ತರ ಕೊಡಬೇಕೇ ಹೊರತು ತೋಟದ ಕೂಲಿಗಳಿಗಲ್ಲ. 1901ರಲ್ಲಿ ದಕ್ಷಿಣ ಆಫ್ರಿಕಾದಿಂದ ಭಾರತಕ್ಕೆ ಬರುವ ದಾರಿಯಲ್ಲಿ ಗಾಂಧೀಜಿ ಕೆಲ ದಿನ ಮಾರಿಷಸ್‌ನಲ್ಲಿ ತಂಗಿದ್ದರು. ಮಕ್ಕಳನ್ನು ಓದಿಸಿ, ರಾಜಕೀಯಕ್ಕೆ ಇಳಿಯಿರಿ ಎಂಬುದು ಅಲ್ಲಿನ ಭಾರತೀಯರಿಗೆ ಅವರ ಸಲಹೆಯಾಗಿತ್ತು. ಅವರ ಪ್ರೇರಣೆಯಿಂದ 1907ರಲ್ಲಿ ಬಂದ ಗುಜರಾತಿನ ಬ್ಯಾರಿಸ್ಟರ್ ಮಣಿಲಾಲ್ ಡಾಕ್ಟರ್ ಕೂಲಿಗಳ ಪರವಾಗಿ ನ್ಯಾಯಾಲಯದಲ್ಲಿ ನಿಂತರು, ಹಿಂದೂಸ್ತಾನಿ ಎಂಬ ಪತ್ರಿಕೆ ನಡೆಸಿದರು. ಬ್ಯಾಲೆಟ್ ಮೂಲಕ ಗೆದ್ದು ಮಂಡಳಿ ಪ್ರವೇಶಿಸಿದ ಮೊದಲ ಭಾರತೀಯ ಮೂಲದವರು ಧನಪತ್ ಲಾಲಾ ಮತ್ತು ರಾಜಕುಮಾರ ಗಜಾಧರ್, 1926ರಲ್ಲಿ. ಅಟ್ಲಾಸ್ ಹಡಗು ಬಂದು ಅಷ್ಟರಲ್ಲಿ 92 ವರ್ಷ ಕಳೆದಿತ್ತು. ಗಜಾಧರ್ ಸ್ವತಃ ದೊಡ್ಡ ಭೂಮಾಲೀಕ ಕುಟುಂಬದವರು ಎಂಬುದನ್ನೂ ಮರೆಯಬಾರದು. ಆ ಮತಪಟ್ಟಿಯಲ್ಲಿ ಕೂಲಿಗೆ ಜಾಗವೇ ಇರಲಿಲ್ಲ.

ಬೇರೆ ವಸಾಹತು ದ್ವೀಪಗಳ ಕಥೆಯೂ ಹೆಚ್ಚುಕಡಿಮೆ ಇದೇ. ಫಿಜಿಯಲ್ಲಿ 1916ರಲ್ಲಿ ಬದರಿ ಮಹಾರಾಜ್ ಎಂಬುವರನ್ನು ನೇಮಿಸಿದರು. 1929ರಲ್ಲಿ ಅಲ್ಲಿ ಮೂವರು ಭಾರತೀಯರು ಚುನಾಯಿತರಾದರೂ, ಭಾರತೀಯರಿಗೆ ಪ್ರತ್ಯೇಕ ಮತಪಟ್ಟಿ ಬೇಡ, ಎಲ್ಲರಿಗೂ ಒಂದೇ ಪಟ್ಟಿ ಬೇಕು ಎಂದು ಸಭೆಯಿಂದ ಹೊರನಡೆದರು. ಮಾರಿಷಸ್‌ನಲ್ಲಿ ಪಟ್ಟಿ ಒಂದೇ ಇತ್ತು. ಅದರೊಳಗೆ ಹೋಗುವ ಬಾಗಿಲೇ ಕಿರಿದಾಗಿತ್ತು.

ಗುಂಡೇಟು ತಿಂದ ತೋಟಗಳು

ರಾಮಗುಲಾಂ ಮರಳಿದ ಮರುವರ್ಷ, 1936ರಲ್ಲಿ, ಡಾ. ಮಾರಿಸ್ ಕ್ಯೂರೆ ಲೇಬರ್ ಪಕ್ಷ ಕಟ್ಟಿದರು. 1937ರಲ್ಲಿ ಯೂನಿಯನ್ ಫ್ಲಾಕ್ ಎಸ್ಟೇಟಿನಲ್ಲಿ ಕಬ್ಬಿನ ದರ ಇಳಿಸಿದ್ದನ್ನು ವಿರೋಧಿಸಿದ ಜನರ ಮೇಲೆ ಗುಂಡು ಹಾರಿ ನಾಲ್ವರು ಸತ್ತರು. 1943ರ ಸೆಪ್ಟೆಂಬರ್‌ನಲ್ಲಿ ಬೆಲ್ ವ್ಯೂ ಹಾರೆಲ್‌ನಲ್ಲಿ ಮತ್ತೆ ಗುಂಡು. ಸತ್ತವರಲ್ಲಿ ಒಬ್ಬಳು ಅಂಜಲಿ ಕೂಪನ್ ಎಂಬ ಗರ್ಭಿಣಿ ಕೂಲಿ ಹೆಂಗಸು. ಇಂದು ಮಾರಿಷಸ್‌ನ ಒಂದು ಕ್ರೀಡಾಂಗಣಕ್ಕೆ ಅವಳ ಹೆಸರಿದೆ.

ಈ ಗಲಾಟೆಗಳ ಹೊತ್ತಿನಲ್ಲಿ ರಾಮಗುಲಾಂ ಬೀದಿಯಲ್ಲಿರಲಿಲ್ಲ ಎಂಬುದನ್ನು ಹೇಳಲೇಬೇಕು. ಪೋರ್ಟ್ ಲೂಯಿಯಲ್ಲಿ ದವಾಖಾನೆ ಇಟ್ಟು ಬಡವರಿಗೆ ಔಷಧ ಕೊಡುತ್ತಿದ್ದರು. 1939ರಲ್ಲಿ ಸುಶೀಲಾ ಅವರನ್ನು ವರಿಸಿದರು. 1940ರಲ್ಲಿ ಗೆಳೆಯರೊಂದಿಗೆ ಅಡ್ವಾನ್ಸ್ ಎಂಬ ದಿನಪತ್ರಿಕೆ ಆರಂಭಿಸಿದರು. ಅದೇ ವರ್ಷ ಗವರ್ನರ್ ಅವರನ್ನು ಶಾಸನ ಮಂಡಳಿಗೆ ನೇಮಿಸಿದರು. ಮುಂದೆ ದೇಶದ ಪಿತಾಮಹ ಎನಿಸಿಕೊಂಡವರ ರಾಜಕೀಯ ಪ್ರವೇಶವೂ ಚುನಾವಣೆಯಿಂದಲ್ಲ, ಗವರ್ನರ್ ಸಹಿಯಿಂದಲೇ ಆಯಿತು. ಲೇಬರ್ ಪಕ್ಷದ ಹಳಬರು ಇದನ್ನು ಬಹುಕಾಲ ಮರೆಯಲಿಲ್ಲ. ಆದರೆ ಒಳಗೆ ಕುಳಿತ ಅವರು ಸುಮ್ಮನಿರಲಿಲ್ಲ. ಮತದ ಅರ್ಹತೆ ಸಡಿಲಿಸಬೇಕೆಂಬ ವಾದವನ್ನು ಮಂಡಳಿಯಲ್ಲಿ ಬಿಡದೆ ಮುಂದಿಟ್ಟರು.

ಹೊರಗೆ ಇನ್ನೊಂದು ಕೆಲಸ ನಡೆಯುತ್ತಿತ್ತು. ಭಾರತದಲ್ಲಿ ಓದಿ ಬಂದಿದ್ದ ಬಾಸುದೇವ ವಿಷ್ಣುದಯಾಳ್ ಹಳ್ಳಿ ಹಳ್ಳಿ ತಿರುಗುತ್ತಾ ಜನ ಆಂದೋಲನ ಕಟ್ಟಿದ್ದರು. ಅವರ ಸ್ವಯಂಸೇವಕರು ಬೈಠಕಾಗಳಲ್ಲಿ ರಾತ್ರಿ ಲಾಟೀನು ಹಚ್ಚಿ ದೊಡ್ಡವರಿಗೆ ಹಿಂದಿ ಅಕ್ಷರ ತಿದ್ದಿಸುತ್ತಿದ್ದರು. ಮೊದಮೊದಲು ಇದು ಧರ್ಮ, ಸಂಸ್ಕೃತಿಯ ಕೆಲಸದಂತೆ ಕಂಡಿತು. 1947ರ ಹೊಸ ಸಂವಿಧಾನ ಬಂದಾಗ ಅದರ ಬೆಲೆ ತಿಳಿಯಿತು.

ಏಕೆಂದರೆ ಆ ಸಂವಿಧಾನ ಆಸ್ತಿಯ ಷರತ್ತನ್ನು ಬದಿಗಿಟ್ಟು ಅಕ್ಷರದ ಷರತ್ತನ್ನು ತಂದಿತು. ದ್ವೀಪದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸರಳ ವಾಕ್ಯ ಓದಿ ಬರೆಯಬಲ್ಲ ವಯಸ್ಕರಿಗೆ ಮತ. ಹೆಂಗಸರಿಗೂ ಮತ. ಇಂಗ್ಲಿಷ್, ಫ್ರೆಂಚ್ ಬರಬೇಕೆಂದಿಲ್ಲ. ಹಿಂದಿ ಆಗಬಹುದು, ತಮಿಳು ಆಗಬಹುದು, ತೆಲುಗು, ಉರ್ದು ಆಗಬಹುದು. ಸುಮಾರು 12 ಸಾವಿರವಿದ್ದ ಮತದಾರರ ಸಂಖ್ಯೆ ಒಮ್ಮೆಲೇ 70 ಸಾವಿರ ಮೀರಿತು. ಅಜ್ಜ ಹೆಬ್ಬೆಟ್ಟು ಒತ್ತಿ ಹಡಗು ಹತ್ತಿದ್ದ, ಮೊಮ್ಮಗ ಅಧಿಕಾರಿಯ ಮುಂದೆ ನಾಲ್ಕು ಸಾಲು ಬರೆದು ಮತಪಟ್ಟಿಗೆ ಸೇರಿದ.

ಕರ್ನಾಟಕದಲ್ಲಿ ಕುಳಿತು ಹಿಂದಿಯ ಬಗ್ಗೆ ಓದುವಾಗ ನಮಗೆ ಬೇರೆಯದೇ ಚರ್ಚೆ ನೆನಪಾಗುತ್ತದೆ, ಅದು ಸಹಜ. ಆದರೆ ಆ ತೋಟಗಳಲ್ಲಿ ಹಿಂದಿ ಆಳುವವರ ಭಾಷೆಯಾಗಿರಲಿಲ್ಲ, ಆಳಿಸಿಕೊಂಡವರ ಭಾಷೆಯಾಗಿತ್ತು. ಇಲ್ಲಿನ ತೂಕದ ಕಲ್ಲಿನಿಂದ ಅದನ್ನು ಅಳೆಯಲಾಗದು.

1948ರ ಆಗಸ್ಟ್‌ನಲ್ಲಿ ಚುನಾವಣೆ ನಡೆಯಿತು. ಚುನಾಯಿತ ಸ್ಥಾನಗಳು 19. ಅವುಗಳಲ್ಲಿ 11ರಲ್ಲಿ ಭಾರತೀಯ ಮೂಲದ ಹಿಂದೂಗಳು ಗೆದ್ದರು. ಉತ್ತರದ ಪಾಂಪ್ಲೆಮೂಸ್–ರಿವಿಯೇರ್ ದು ರಾಂಪಾರ್ ಕ್ಷೇತ್ರದಿಂದ ರಾಮಗುಲಾಂ ಜಯಗಳಿಸಿದರು. ಬಾಸುದೇವರ ತಮ್ಮ ಸುಖದೇವ ವಿಷ್ಣುದಯಾಳ್ ದಕ್ಷಿಣದಿಂದ ಗೆದ್ದರು. ಒಬ್ಬ ಮುಸ್ಲಿಮರೂ ಗೆಲ್ಲಲಿಲ್ಲ. ಗೆಲುವಿನ ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. ಗವರ್ನರ್ ತಮ್ಮ ಕೈಯಲ್ಲಿದ್ದ 12 ನಾಮನಿರ್ದೇಶಿತ ಸ್ಥಾನಗಳಿಗೆ ಬಹುಮಟ್ಟಿಗೆ ಸಂಪ್ರದಾಯವಾದಿಗಳನ್ನೇ ತುಂಬಿದರು. ಆಯ್ಕೆಯಾದವರ ಬಹುಮತ ಸಭೆಯಲ್ಲಿ ಬಹುಮತವಾಗಲಿಲ್ಲ. 1953ರಲ್ಲಿ ಲೇಬರ್ ಇನ್ನೂ ಹೆಚ್ಚು ಸ್ಥಾನ ಗೆದ್ದಾಗಲೂ ಇದೇ ಆಟ ಮರುಕಳಿಸಿತು.

ಅಲ್ಲಿಂದ ಮುಂದಿನದು ಒಂದೊಂದೇ ಮೆಟ್ಟಿಲು. ಲಂಡನ್ನಿಗೆ ನಿಯೋಗ, ಮಾತುಕತೆ, ಮತ್ತೆ ನಿಯೋಗ. ಲೇಬರ್ ನಾಯಕ ಗೀ ರೋಜ್ಮಾಂ 1956ರಲ್ಲಿ ತೀರಿಕೊಂಡ ನಂತರ ಪಕ್ಷದ ಚುಕ್ಕಾಣಿ ರಾಮಗುಲಾಂ ಕೈಗೆ ಬಂತು. 1959ರಲ್ಲಿ ಎಲ್ಲ ವಯಸ್ಕರಿಗೂ ಮತದ ಹಕ್ಕು ನೀಡಿದ ಮೊದಲ ಚುನಾವಣೆ, 1961ರಲ್ಲಿ ಅವರಿಗೆ ಮುಖ್ಯಮಂತ್ರಿ ಪಟ್ಟ, 1964ರಲ್ಲಿ ಪ್ರಿಮಿಯರ್ ಸ್ಥಾನ, 1965ರಲ್ಲಿ ಸರ್ ಪದವಿ. ಜನ ಮಾತ್ರ ಅವರನ್ನು ಕರೆಯುತ್ತಿದ್ದದ್ದು ಚಾಚಾ ಎಂದು.

ಸ್ವಾತಂತ್ರ್ಯಕ್ಕೆ ತೆತ್ತ ಬೆಲೆ

1965ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಲ್ಯಾಂಕಾಸ್ಟರ್ ಹೌಸ್‌ನಲ್ಲಿ ಸ್ವಾತಂತ್ರ್ಯದ ಮಾತುಕತೆ ನಡೆಯಿತು. ಅದೇ ಸಮಯದಲ್ಲಿ ಬ್ರಿಟಿಷ್ ಪ್ರಧಾನಿ ಹೆರಾಲ್ಡ್ ವಿಲ್ಸನ್ ಅವರೊಂದಿಗೆ ರಾಮಗುಲಾಂ ಭೇಟಿಯೂ ನಡೆಯಿತು. ಚಾಗೋಸ್ ದ್ವೀಪಸಮೂಹವನ್ನು ಮಾರಿಷಸ್‌ನಿಂದ ಬೇರ್ಪಡಿಸಲು ಬ್ರಿಟನ್ ಹಟ ಹಿಡಿದಿತ್ತು. ಡಿಯೆಗೋ ಗಾರ್ಸಿಯಾದಲ್ಲಿ ಅಮೆರಿಕದ ಸೇನಾನೆಲೆ ಬರಬೇಕಿತ್ತು. ಪರಿಹಾರ 30 ಲಕ್ಷ ಪೌಂಡ್. ರಾಮಗುಲಾಂ ಒಪ್ಪಿದರು. ಆ ನವೆಂಬರ್‌ನಲ್ಲೇ ಚಾಗೋಸ್ ಪ್ರತ್ಯೇಕವಾಯಿತು. ಮುಂದಿನ ವರ್ಷಗಳಲ್ಲಿ ಅಲ್ಲಿನ ಒಂದೂವರೆ ಸಾವಿರಕ್ಕೂ ಹೆಚ್ಚು ನಿವಾಸಿಗಳನ್ನು ಎಬ್ಬಿಸಿ ಹಡಗು ಹತ್ತಿಸಲಾಯಿತು. ಅವರಲ್ಲಿ ಹೆಚ್ಚಿನವರು ಆಫ್ರಿಕನ್ ಗುಲಾಮರ ವಂಶಸ್ಥರು. ಅವರನ್ನು ಯಾರೂ ಕೇಳಲಿಲ್ಲ. ತಮ್ಮ ಜನಕ್ಕೆ ಪ್ರಾತಿನಿಧ್ಯ ಕೊಡಿಸಲು ಜೀವಮಾನ ಸವೆಸಿದವರ ಬದುಕಿನಲ್ಲಿ ಇದು ಮಾಸದ ಕಲೆ. ಅವರಿಗೆ ಬೇರೆ ದಾರಿ ಉಳಿದಿರಲಿಲ್ಲ ಎನ್ನುವವರೂ ಇದ್ದಾರೆ. 2019ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ತನ್ನ ಸಲಹಾ ಅಭಿಪ್ರಾಯದಲ್ಲಿ ಆ ಬೇರ್ಪಡಿಕೆ ಕಾನೂನುಬದ್ಧವಾಗಿ ನಡೆದಿಲ್ಲ ಎಂದು ಹೇಳಿತು.

ದ್ವೀಪದೊಳಗೂ ಎಲ್ಲರಿಗೂ ಸ್ವಾತಂತ್ರ್ಯ ಬೇಕಿರಲಿಲ್ಲ. ಹಿಂದೂ ಬಹುಸಂಖ್ಯಾತರ ಆಳ್ವಿಕೆಯಲ್ಲಿ ತಮ್ಮ ಗತಿಯೇನು ಎಂಬ ಭಯ ಕ್ರಿಯೋಲ್ ಜನರಲ್ಲಿತ್ತು, ಇತರ ಸಣ್ಣ ಸಮುದಾಯಗಳಲ್ಲೂ ಇತ್ತು. ಇದಕ್ಕೆ ಉತ್ತರವಾಗಿ ಬಂದದ್ದು ಒಂದು ವಿಶಿಷ್ಟ ಏರ್ಪಾಡು. ಸಂಸತ್ತಿನ 62 ಚುನಾಯಿತ ಸ್ಥಾನಗಳ ಜತೆಗೆ, ಕಡಿಮೆ ಪ್ರಾತಿನಿಧ್ಯ ಪಡೆದ ಸಮುದಾಯಗಳ ಸೋತ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಗಳಿಸಿದವರಿಗೆಂದು 8 ಸ್ಥಾನ ಮೀಸಲಾಯಿತು. 1967ರ ಆಗಸ್ಟ್ 7ರ ಚುನಾವಣೆಯಲ್ಲಿ ರಾಮಗುಲಾಂ ನೇತೃತ್ವದ ಇಂಡಿಪೆಂಡೆನ್ಸ್ ಪಾರ್ಟಿ 39 ಸ್ಥಾನ ಗೆದ್ದರೂ, ಶೇಕಡಾ 40ಕ್ಕೂ ಹೆಚ್ಚು ಮತ ಸ್ವಾತಂತ್ರ್ಯ ವಿರೋಧಿಸಿದ ಗೇಟಾನ್ ದುವಾಲ್ ಪಕ್ಷಕ್ಕೆ ಬಿತ್ತು. 1968ರ ಜನವರಿಯಲ್ಲಿ ಪೋರ್ಟ್ ಲೂಯಿಯಲ್ಲಿ ಕ್ರಿಯೋಲ್ ಮತ್ತು ಮುಸ್ಲಿಂ ಗುಂಪುಗಳ ನಡುವೆ ಗಲಭೆ ಎದ್ದು ಬ್ರಿಟಿಷ್ ಸೈನಿಕರನ್ನು ಕರೆಸಬೇಕಾಯಿತು. ಸಮಾರಂಭಕ್ಕೆ ಬರಬೇಕಿದ್ದ ಬ್ರಿಟಿಷ್ ರಾಜಕುಮಾರಿಯ ಭೇಟಿ ರದ್ದಾಯಿತು.

ಆದರೂ ದಿನ ಮುಂದಕ್ಕೆ ಹೋಗಲಿಲ್ಲ. ಗಾಂಧೀಜಿಯ ದಂಡಿಯಾತ್ರೆ ಆರಂಭವಾದ ದಿನವೆಂದು ಆರಿಸಿಕೊಂಡಿದ್ದ ಮಾರ್ಚ್ 12ರಂದೇ, 1968ರಲ್ಲಿ, ಪೋರ್ಟ್ ಲೂಯಿಯ ಶಾಂ ದ ಮಾರ್ಸ್ ಮೈದಾನದಲ್ಲಿ ನಾಲ್ಕು ಬಣ್ಣದ ಬಾವುಟ ಏರಿತು. ಮರುವರ್ಷ ರಾಮಗುಲಾಂ ತಮ್ಮ ಎದುರಾಳಿ ದುವಾಲ್ ಅವರನ್ನೇ ಸರ್ಕಾರಕ್ಕೆ ಸೇರಿಸಿಕೊಂಡರು. ಹಳೆಯ ಜೊತೆಗಾರ ಸುಖದೇವ ವಿಷ್ಣುದಯಾಳ್ ವಿರೋಧ ಪಕ್ಷದ ನಾಯಕರಾದರು. ದೇಶ ಒಡೆಯದಿರಲಿ ಎಂಬ ಜಾಣ್ಮೆಯೆಂದರು ಕೆಲವರು, ಕುರ್ಚಿಯ ಲೆಕ್ಕಾಚಾರವೆಂದರು ಹಲವರು.

ನಾಗಪುರಕ್ಕೆ ಬಂದಾಗ

ಈಗ 1975ರ ನಾಗಪುರಕ್ಕೆ ಮರಳೋಣ. ಆ ವೇದಿಕೆಗೆ ಬಂದ ರಾಮಗುಲಾಂ ಮತದ ಹಕ್ಕಿಗಾಗಿ ಹೋರಾಡಿದವರು ನಿಜ. ಆದರೆ ಆ ಹೊತ್ತಿಗೆ ಅವರ ದೇಶದಲ್ಲಿ 1967ರ ನಂತರ ಸಾರ್ವತ್ರಿಕ ಚುನಾವಣೆಯೇ ನಡೆದಿರಲಿಲ್ಲ. ದುವಾಲ್ ಜತೆಗಿನ ಮೈತ್ರಿಯಾದಾಗಲೇ ಸಂಸತ್ತಿನ ಅವಧಿಯನ್ನು 1976ರವರೆಗೆ ವಿಸ್ತರಿಸಲಾಗಿತ್ತು. ಬಂದರು ಕಾರ್ಮಿಕರ ಮುಷ್ಕರದ ಬಳಿಕ 1971ರ ಡಿಸೆಂಬರ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಗಿ, ಪತ್ರಿಕೆಗಳ ಮೇಲೆ ಸೆನ್ಸಾರ್ ಬಂದು, ಪಾಲ್ ಬೆರಾಂಜೆ ಮೊದಲಾದ ಎಂಎಂಎಂ ನಾಯಕರು ಜೈಲು ಸೇರಿದ್ದರು. ಅದೇ ವೇದಿಕೆಯಲ್ಲಿದ್ದ ಇಂದಿರಾ ಗಾಂಧಿ ಐದು ತಿಂಗಳ ನಂತರ, ಜೂನ್‌ನಲ್ಲಿ, ಭಾರತದಲ್ಲೂ ತುರ್ತು ಪರಿಸ್ಥಿತಿ ಹೇರಿದರು. ಅಂದು ನಾಗಪುರದಲ್ಲಿ ಇದನ್ನು ಊಹಿಸಿದವರು ಕಡಿಮೆ.

ಸಮ್ಮೇಳನ ಮೂರು ದಿನ ನಡೆಯಿತು. 30 ದೇಶಗಳ ಪ್ರತಿನಿಧಿಗಳು ಬಂದಿದ್ದರು. ಹಿಂದಿಗೆ ವಿಶ್ವಸಂಸ್ಥೆಯಲ್ಲಿ ಸ್ಥಾನ, ವರ್ಧಾದಲ್ಲಿ ಅಂತಾರಾಷ್ಟ್ರೀಯ ಹಿಂದಿ ವಿದ್ಯಾಪೀಠ ಮುಂತಾದ ನಿರ್ಣಯಗಳಾದವು. ಎರಡನೆಯ ಸಮ್ಮೇಳನ 1976ರ ಆಗಸ್ಟ್‌ನಲ್ಲಿ ಪೋರ್ಟ್ ಲೂಯಿಯಲ್ಲೇ ನಡೆಯಿತು. ವಿಶ್ವ ಹಿಂದಿ ಸಚಿವಾಲಯ ಇಂದು ಇರುವುದು ಮಾರಿಷಸ್‌ನಲ್ಲಿ. ವರ್ಧಾದಲ್ಲಿ ಹಿಂದಿ ವಿಶ್ವವಿದ್ಯಾಲಯ ಬಂದಿದೆ. ಜನವರಿ 10 ಈಗ ವಿಶ್ವ ಹಿಂದಿ ದಿನ.

ನಾಗಪುರದಿಂದ ಮರಳಿದ ಕೆಲವೇ ತಿಂಗಳಿಗೆ, 1975ರ ಮೇನಲ್ಲಿ, ಮಾರಿಷಸ್‌ನ ವಿದ್ಯಾರ್ಥಿಗಳು ಬೀದಿಗಿಳಿದರು. ಶಿಕ್ಷಣದಲ್ಲಿನ ತಾರತಮ್ಯದ ವಿರುದ್ಧ ಅವರ ಸಿಟ್ಟು. ಪೊಲೀಸರು ಅಶ್ರುವಾಯು ಬಳಸಿದರು. ಆದರೆ ಸರ್ಕಾರ ಮಣಿಯಿತು. ಮತದ ವಯಸ್ಸು 18ಕ್ಕೆ ಇಳಿಯಿತು. ಪ್ರೌಢಶಾಲಾ ಶಿಕ್ಷಣ 1977ರಿಂದ ಎಲ್ಲರಿಗೂ ಉಚಿತವಾಯಿತು. ತಾಯಿಗೆ ಹೇಳದೆ ಶಾಲೆಗೆ ಹೋಗಿದ್ದ ಹುಡುಗ ಮಾಡಿದ ಕೆಲಸಗಳಲ್ಲಿ ಜನ ಇಂದಿಗೂ ಹೆಚ್ಚು ನೆನೆಯುವುದು ಇದನ್ನೇ.

1976ರ ಡಿಸೆಂಬರ್‌ನಲ್ಲಿ ಕೊನೆಗೂ ಚುನಾವಣೆ ನಡೆದಾಗ ಹೊಸ ಮತದಾರರ ಒಲವು ಯಾರ ಕಡೆಗಿದೆ ಎಂಬುದು ಗೊತ್ತಾಯಿತು. ಬೆರಾಂಜೆ ಅವರ ಎಂಎಂಎಂ 34 ಸ್ಥಾನ ಪಡೆದು ಅತಿದೊಡ್ಡ ಪಕ್ಷವಾಯಿತು. 28 ಸ್ಥಾನ ಪಡೆದ ರಾಮಗುಲಾಂ ಮತ್ತೆ ದುವಾಲ್ ಪಕ್ಷದ ಕೈ ಹಿಡಿದು ಅಧಿಕಾರ ಉಳಿಸಿಕೊಂಡರು. 1982ರ ಜೂನ್‌ನಲ್ಲಿ ಆ ಲೆಕ್ಕವೂ ಕೈಕೊಟ್ಟಿತು. ಮಾರಿಷಸ್ ದ್ವೀಪದ 60ಕ್ಕೆ 60 ಸ್ಥಾನಗಳೂ ವಿರೋಧಿ ಮೈತ್ರಿಕೂಟದ ಪಾಲಾದವು. 34 ವರ್ಷ ಹಿಂದೆ ತಮ್ಮನ್ನು ಮೊದಲು ಗೆಲ್ಲಿಸಿದ್ದ ಉತ್ತರದ ಸೀಮೆಯಲ್ಲೇ, ಪಾಂಪ್ಲೆಮೂಸ್–ತ್ರಿಯೋಲೆ ಕ್ಷೇತ್ರದಲ್ಲಿ, 81ರ ರಾಮಗುಲಾಂ ಸೋತರು. ಫಲಿತಾಂಶವನ್ನು ಒಪ್ಪಿ ಕುರ್ಚಿ ಬಿಟ್ಟರು. ಹೊಸದಾಗಿ ಸ್ವತಂತ್ರವಾದ ಎಷ್ಟೋ ದೇಶಗಳಲ್ಲಿ ಅಂದು ಇದು ಕಾಣಸಿಗದ ಮಾತಾಗಿತ್ತು.

ಹೊಸ ಮೈತ್ರಿಕೂಟ ಒಂದೇ ವರ್ಷದಲ್ಲಿ ಒಡೆಯಿತು. ಪ್ರಧಾನಿ ಅನಿರುದ್ಧ ಜಗನ್ನಾಥ್ ಸರ್ಕಾರ ರಾಮಗುಲಾಂ ಅವರನ್ನು ಗವರ್ನರ್ ಜನರಲ್ ಹುದ್ದೆಗೆ ತಂದಿತು. ಒಂದು ಕಾಲಕ್ಕೆ ತಮ್ಮನ್ನು ಮಂಡಳಿಗೆ ನೇಮಿಸಿದ್ದ ಬ್ರಿಟಿಷ್ ಗವರ್ನರ್‌ಗಳು ವಾಸವಿದ್ದ ಲೆ ರೆದ್ಯುಯಿ ಬಂಗಲೆಯಲ್ಲೇ, ಅದೇ ಹುದ್ದೆಯಲ್ಲಿದ್ದಾಗ, 1985ರ ಡಿಸೆಂಬರ್ 15ರಂದು ಅವರು ತೀರಿಕೊಂಡರು. ಅವರ ಮಗ ನವೀನ್ ಮುಂದೆ ಪ್ರಧಾನಿಯಾದರು. ಹುಟ್ಟೂರು ಬೆಲ್ ರೀವ್‌ಗೆ ಈಗ ಕೇವಲ್ ನಗರ ಎಂದು ಹೆಸರು, ತಾಯಿ ಕರೆಯುತ್ತಿದ್ದ ಹೆಸರೇ.